ಮನೆಯಲ್ಲಿ ಹೆಬ್ಬಾತಿನ ಮೊಟ್ಟೆಗೆ ಯಂತ್ರದ ಕಾವು: ಸಲಹೆ ನೀಡುವ ಮುನ್ನ ಸದಸ್ಯರು ತಿಳಿದಿರಬೇಕಾದ ಸಂಗತಿಗಳು

ಗ್ರಾಮ ಪಂಚಾಯಿತಿಗಳ ಮಾನ್ಯ ಸದಸ್ಯರ ಗಮನಕ್ಕೆ.

ಹಿತ್ತಿಲಿನಲ್ಲಿ ಕೋಳಿ ಸಾಕುವುದು ನಮ್ಮ ಗ್ರಾಮೀಣ ಕುಟುಂಬಗಳಿಗೆ ಹೊಸದಲ್ಲ. ಅದರೊಂದಿಗೆ ಬಾತು ಹಾಗೂ ಹೆಬ್ಬಾತುಗಳನ್ನು ಸಾಕುವ ಆಸಕ್ತಿಯೂ ಅಲ್ಲಲ್ಲಿ ಕಂಡುಬರುತ್ತಿದೆ. ಮನೆಯಲ್ಲಿಯೇ ಮೊಟ್ಟೆಗೆ ಕಾವು ಕೊಡುವ ಸಣ್ಣ ವಿದ್ಯುತ್ ಪೆಟ್ಟಿಗೆಗಳು ಸುಲಭವಾಗಿ ದೊರೆಯುತ್ತಿರುವುದರಿಂದ, ಸ್ವಸಹಾಯ ಸಂಘಗಳ ಸದಸ್ಯೆಯರು ಸಂಘದ ಸಾಲದಲ್ಲಿ ಇವುಗಳನ್ನು ಕೊಳ್ಳಬಹುದೇ ಎಂದು ವಾರ್ಡ್ ಸದಸ್ಯರನ್ನೂ ಪಂಚಾಯಿತಿ ಕಚೇರಿಯನ್ನೂ ಕೇಳುವುದುಂಟು. ಹೌದು ಎಂದು ಹೇಳುವುದು ಸುಲಭ. ಆದರೆ ಪೆಟ್ಟಿಗೆ ಬಂದು, ಒಂದು ತಿಂಗಳು ಕಾದು, ಮರಿಗಳು ಚಿಪ್ಪಿನೊಳಗೇ ಸತ್ತರೆ ಮೊಟ್ಟೆಯೂ ಹೋಗುತ್ತದೆ, ವರ್ಷದ ಒಂದು ಹಂಗಾಮೂ ಹೋಗುತ್ತದೆ, ಸಾಲದ ಕಂತು ಮಾತ್ರ ಉಳಿಯುತ್ತದೆ.

ಇಂತಹ ಸೋಲಿಗೆ ಬಹುತೇಕ ಸಂದರ್ಭಗಳಲ್ಲಿ ಯಂತ್ರವೊಂದೇ ಕಾರಣವಲ್ಲ. ಕೋಳಿ ಮೊಟ್ಟೆಯ ಲೆಕ್ಕವನ್ನು ಹೆಬ್ಬಾತಿನ ಮೊಟ್ಟೆಗೂ ಅನ್ವಯಿಸುವುದು ಹಾಗೂ ಅಳೆಯಬೇಕಾದುದನ್ನು ಅಳೆಯದಿರುವುದು ಮುಖ್ಯ ಕಾರಣಗಳು. ಈ ಲೇಖನದಲ್ಲಿ ಅದರ ವಿವರಗಳನ್ನೂ, ಪಂಚಾಯಿತಿಯ ಪಾತ್ರವನ್ನೂ ಸರಳವಾಗಿ ತಿಳಿಸಲಾಗಿದೆ.

1. ಹೆಬ್ಬಾತು ಮತ್ತು ಅದರ ಮೊಟ್ಟೆ

ಹೆಬ್ಬಾತನ್ನು ಹಳ್ಳಿಗಳಲ್ಲಿ ಬಾತುಕೋಳಿ ಎಂದೇ ಕರೆಯುವುದುಂಟು. ಬಿಳಿಯದಾದರೆ ಹಂಸವೆನ್ನುವವರೂ ಇದ್ದಾರೆ. ಕೊಕ್ಕಿನ ಬುಡದಲ್ಲಿ ಗುಬುಟಿರುವುದು ಚೀನೀ ಜಾತಿ. ಇದು ಹುಲ್ಲು ಮೇಯುವ ಪಕ್ಷಿ. ಮೇಯಲು ಹಸಿರು ಹಾಗೂ ಕುಡಿಯಲು, ಮುಖ ತೊಳೆಯಲು ನೀರು ಇದ್ದರೆ ಧಾನ್ಯದ ಖರ್ಚು ಕಡಿಮೆ. ಅಪರಿಚಿತರನ್ನು ಕಂಡೊಡನೆ ಗಟ್ಟಿಯಾಗಿ ಕೂಗುವುದರಿಂದ ತೋಟದ ಮನೆಗಳಲ್ಲಿ ಕಾವಲಿಗಾಗಿಯೂ ಇದನ್ನು ಸಾಕುತ್ತಾರೆ.

ಇದು ಕೋಳಿಯಂತೆ ವರ್ಷವಿಡೀ ಮೊಟ್ಟೆಯಿಡುವುದಿಲ್ಲ; ಹಂಗಾಮಿನ ಕೆಲವು ವಾರಗಳಲ್ಲಿ ಮಾತ್ರ ಇಡುತ್ತದೆ. ಆದ್ದರಿಂದ ಕೆಟ್ಟುಹೋದ ಒಂದು ಕಾವನ್ನು ಮುಂದಿನ ತಿಂಗಳು ಸರಿಪಡಿಸಿಕೊಳ್ಳುವ ಅವಕಾಶ ಇರುವುದಿಲ್ಲ.

ಕೋಳಿ ಮೊಟ್ಟೆ ಸುಮಾರು 55 ಗ್ರಾಂ ತೂಗಿದರೆ ಹೆಬ್ಬಾತಿನ ಮೊಟ್ಟೆ ಸಾಮಾನ್ಯವಾಗಿ 140 ಗ್ರಾಂನಿಂದ 180 ಗ್ರಾಂವರೆಗೆ ತೂಗುತ್ತದೆ. ಕೋಳಿ ಮೊಟ್ಟೆ 21 ದಿನಗಳಲ್ಲಿ, ಸಾಮಾನ್ಯ ಬಾತಿನ ಮೊಟ್ಟೆ 28 ದಿನಗಳಲ್ಲಿ ಮರಿಯಾಗುತ್ತದೆ. ಹೆಬ್ಬಾತಿಗೆ ಜಾತಿಯನ್ನನುಸರಿಸಿ 28ರಿಂದ 32 ದಿನಗಳು ಬೇಕು. ಸರಾಸರಿ 30 ದಿನಗಳೆಂದು ಇಟ್ಟುಕೊಳ್ಳಬಹುದು.

ಈ ಗಾತ್ರದ ವ್ಯತ್ಯಾಸದಲ್ಲಿ ಒಂದು ಮುಖ್ಯ ಲೆಕ್ಕವಿದೆ. ಮೊಟ್ಟೆಯ ತೂಕ ಮೂರು ಪಟ್ಟಾದಾಗ ಅದರ ಮೇಲ್ಮೈ ಸುಮಾರು ಎರಡು ಪಟ್ಟು ಮಾತ್ರ ಆಗುತ್ತದೆ. ಒಳಗೆ ಬೆಳೆಯುವ ಮರಿ ತಾನೇ ಶಾಖವನ್ನು ಉತ್ಪಾದಿಸುತ್ತದೆ. ಆ ಶಾಖ ಚಿಪ್ಪಿನ ಮೇಲ್ಮೈಯಿಂದಲೇ ಹೊರಹೋಗಬೇಕು. ಹಾಗಾಗಿ ಕಾವಿನ ಕೊನೆಯ ಎರಡು ವಾರಗಳಲ್ಲಿ ಹೆಬ್ಬಾತಿನ ಮೊಟ್ಟೆಗೆ ಶಾಖದ ಕೊರತೆಗಿಂತ ಶಾಖದ ಹೆಚ್ಚಳವೇ ದೊಡ್ಡ ಅಪಾಯ. ಮುಂದೆ ಹೇಳುವ ತಣಿಸುವ ಕ್ರಮಕ್ಕೆ ಇದೇ ಆಧಾರ.

2. ಮೊಟ್ಟೆಯ ಆಯ್ಕೆ ಮತ್ತು ಶೇಖರಣೆ

ಫಲಿತವಾಗದ ಮೊಟ್ಟೆಯಿಂದ ಯಾವ ಯಂತ್ರವೂ ಮರಿ ತೆಗೆಯಲಾರದು. ಒಂದು ಗಂಡಿಗೆ ಎರಡರಿಂದ ನಾಲ್ಕು ಹೆಣ್ಣುಗಳಿದ್ದರೆ ಸೂಕ್ತ. ಹೆಬ್ಬಾತುಗಳು ಜೋಡಿ ಕಟ್ಟಿಕೊಳ್ಳುವ ಸ್ವಭಾವದವು. ಹೊಸದಾಗಿ ತಂದು ಬಿಟ್ಟ ಗಂಡು ಕೂಡಲೇ ಎಲ್ಲ ಹೆಣ್ಣುಗಳೊಡನೆ ಕೂಡುತ್ತದೆಂದು ಭಾವಿಸಬಾರದು. ಮೊದಲ ವರ್ಷದ ಹೆಣ್ಣಿನ ಮೊಟ್ಟೆಗಳು ಚಿಕ್ಕವು. ಅವುಗಳಿಂದ ಮರಿಯಾಗುವ ಪ್ರಮಾಣವೂ ಕಡಿಮೆ. ಎರಡನೆಯ ವರ್ಷದಿಂದ ಫಲಿತಾಂಶ ಉತ್ತಮಗೊಳ್ಳುತ್ತದೆ.

ಮೊಟ್ಟೆಗಳನ್ನು ಪ್ರತಿದಿನ ಸಂಗ್ರಹಿಸಬೇಕು. ಬಿರುಕು ಬಿಟ್ಟವು, ವಿಕಾರ ಆಕಾರದವು, ತೀರಾ ಕೊಳಕಾದವು ಕಾವಿಗೆ ಬೇಡ. ಅಲ್ಪಸ್ವಲ್ಪ ಮಣ್ಣು ಅಂಟಿದ್ದರೆ ಒಣ ಬಟ್ಟೆಯಿಂದ ಉಜ್ಜಿ ತೆಗೆಯಬೇಕೇ ಹೊರತು ತಣ್ಣೀರಿನಲ್ಲಿ ತೊಳೆಯಬಾರದು. ಚಿಪ್ಪಿನ ಮೇಲೆ ಸೂಕ್ಷ್ಮವಾದ ರಕ್ಷಣಾ ಲೇಪವಿರುತ್ತದೆ. ತೊಳೆದರೆ ಅದು ಹೋಗಿ, ತಣ್ಣೀರಿಗೆ ಒಳಭಾಗ ಕುಗ್ಗಿದಾಗ ಕೊಳೆಯೂ ರೋಗಾಣುಗಳೂ ರಂಧ್ರಗಳ ಮೂಲಕ ಒಳಸೇರುತ್ತವೆ.

ಒಂದೇ ದಿನ ಕಾವಿಗಿಡಲು ಮೊಟ್ಟೆಗಳನ್ನು ಕೂಡಿಡುವುದಾದರೆ ಮನೆಯ ಅತ್ಯಂತ ತಂಪಾದ ಕೋಣೆಯಲ್ಲಿಟ್ಟು ದಿನಕ್ಕೊಮ್ಮೆ ಮಗ್ಗುಲು ಬದಲಿಸಬೇಕು. ಸುಮಾರು 15 ಡಿಗ್ರಿ ಸೆಲ್ಸಿಯಸ್ ಆದರ್ಶ ಉಷ್ಣತೆ. ನಮ್ಮ ಮನೆಗಳಲ್ಲಿ ಅದು ಸಿಗುವುದು ಅಪರೂಪವಾದ್ದರಿಂದ ಕೂಡಿಡುವ ಅವಧಿಯನ್ನೇ ಕಡಿಮೆ ಮಾಡುವುದು ಲೇಸು. ಏಳು ದಿನಗಳನ್ನು ಮೀರಬಾರದು. ಬೇಸಗೆಯಲ್ಲಿ ಇನ್ನೂ ಬೇಗ ಕಾವಿಗಿಡಬೇಕು. ಮನೆಯ ಫ್ರಿಜ್‌ನ ಒಳಗಿನ ತಂಪು ಅತಿಯಾದುದು, ಅಲ್ಲಿ ಇಡಬಾರದು.

3. ಪೆಟ್ಟಿಗೆಯ ಆಯ್ಕೆ ಮತ್ತು ಉಷ್ಣತೆ

ಪೆಟ್ಟಿಗೆಯ ಮೇಲೆ ಬರೆದಿರುವ ಸಂಖ್ಯೆ ಸಾಮಾನ್ಯವಾಗಿ ಕೋಳಿ ಮೊಟ್ಟೆಯ ಲೆಕ್ಕ. 50 ಮೊಟ್ಟೆಗಳ ಪೆಟ್ಟಿಗೆಯಲ್ಲಿ ಹೆಬ್ಬಾತಿನ 50 ಮೊಟ್ಟೆಗಳು ಕೂರುವುದಿಲ್ಲ. ಕೋಳಿ ಮೊಟ್ಟೆಗಾಗಿ ಮಾಡಿದ ಗುಳಿಗಳೂ ಇದಕ್ಕೆ ಸಾಲವು. ಕೊಳ್ಳುವ ಮುನ್ನ ಒಂದು ಹೆಬ್ಬಾತಿನ ಮೊಟ್ಟೆಯನ್ನೇ ಕೊಂಡೊಯ್ದು ತಟ್ಟೆಯಲ್ಲಿ ಅಡ್ಡಲಾಗಿ ಇಟ್ಟು ನೋಡುವುದು ಉತ್ತಮ.

ಒಳಗಿನ ಗಾಳಿಯನ್ನು ಸುತ್ತಿಸುವ ಫ್ಯಾನ್ ಇರುವ ಪೆಟ್ಟಿಗೆಯನ್ನೇ ಆರಿಸಬೇಕು. ಫ್ಯಾನ್ ಇಲ್ಲದಿದ್ದರೆ ಮೇಲೆ ಬಿಸಿ, ಕೆಳಗೆ ತಂಪು ಎಂಬಂತಾಗಿ ಒಂದೇ ತಟ್ಟೆಯ ಮೊಟ್ಟೆಗಳು ಬೇರೆ ಬೇರೆ ಉಷ್ಣತೆಯಲ್ಲಿ ಬೆಳೆಯುತ್ತವೆ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಉಷ್ಣತೆ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಲ್ಪ ಕಾಲದ ಇಳಿಕೆಯನ್ನು ಮೊಟ್ಟೆ ತಡೆದುಕೊಳ್ಳುತ್ತದೆ, ಏರಿಕೆಯನ್ನು ತಡೆಯದು. 40 ಡಿಗ್ರಿ ದಾಟಿದ ಸ್ಥಿತಿ ಕೆಲವು ಗಂಟೆ ಮುಂದುವರಿದರೂ ಮರಿಗಳು ಸಾಯಬಹುದು.

ಪೆಟ್ಟಿಗೆಯ ಪರದೆಯಲ್ಲಿ ಕಾಣುವ ಅಂಕಿಯನ್ನು ಪರೀಕ್ಷಿಸದೆ ನಂಬಬಾರದು. ಅರ್ಧ ಡಿಗ್ರಿಯ ತಪ್ಪೂ 30 ದಿನಗಳಲ್ಲಿ ಪರಿಣಾಮ ಬೀರುತ್ತದೆ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಸರಿಯಾಗಿ ಇದೇ ಉಷ್ಣತೆಯ ಆಸುಪಾಸಿನಲ್ಲಿ ನಿಖರವಾಗಿರುವಂತೆ ತಯಾರಾದುದು. ಒಂದು ಲೋಟ ಉಗುರುಬೆಚ್ಚನೆಯ ನೀರಿನಲ್ಲಿ ಇದರ ತುದಿಯನ್ನೂ, ಪೆಟ್ಟಿಗೆಯೊಳಗೆ ಇಡುವ ಪ್ರತ್ಯೇಕ ಥರ್ಮಾಮೀಟರಿನ ತುದಿಯನ್ನೂ ಒಟ್ಟಿಗೆ ಹಿಡಿದು ಎರಡರ ಅಂತರವನ್ನು ಬರೆದಿಟ್ಟುಕೊಂಡರೆ ಆಯಿತು. ಆ ಥರ್ಮಾಮೀಟರನ್ನು ಮೊಟ್ಟೆಗಳ ಮಟ್ಟದಲ್ಲಿಟ್ಟು, ಮೊಟ್ಟೆ ಹಾಕುವ ಮುನ್ನ ಪೆಟ್ಟಿಗೆಯನ್ನು ಕನಿಷ್ಠ ಒಂದು ಹಗಲು, ಒಂದು ರಾತ್ರಿ ಬರಿದಾಗಿಯೇ ಓಡಿಸಿ ನೋಡಬೇಕು. ಪೆಟ್ಟಿಗೆಯನ್ನು ಬಿಸಿಲು ಬೀಳುವ ಕಿಟಕಿಯ ಬಳಿ ಅಥವಾ ತಗಡಿನ ಮಾಡಿನ ಕೆಳಗೆ ಇಡಬಾರದು. ಕೋಣೆಯೇ 38 ಡಿಗ್ರಿಗೆ ಕಾಯ್ದರೆ ಬಿಸಿ ಮಾಡುವ ಯಂತ್ರಕ್ಕೆ ತಣ್ಣಗೆ ಮಾಡುವ ಉಪಾಯವಿಲ್ಲ.

4. ತೇವಾಂಶ: ಮಾಪಕಕ್ಕಿಂತ ತಕ್ಕಡಿ ಮೇಲು

ಚಿಪ್ಪಿನಲ್ಲಿರುವ ಸಾವಿರಾರು ಸೂಕ್ಷ್ಮ ರಂಧ್ರಗಳ ಮೂಲಕ ಮೊಟ್ಟೆಯೊಳಗಿನ ನೀರಿನ ಒಂದಂಶ ಆವಿಯಾಗಿ ಹೋಗಲೇಬೇಕು. ಅದು ಹೋದಷ್ಟೂ ಮೊಟ್ಟೆಯ ಅಗಲ ತುದಿಯಲ್ಲಿರುವ ಗಾಳಿಕೋಣೆ ದೊಡ್ಡದಾಗುತ್ತದೆ. ಮರಿಯು ಚಿಪ್ಪು ಒಡೆಯುವ ಮುನ್ನ ಮೊದಲ ಉಸಿರನ್ನು ಎಳೆಯುವುದು ಆ ಕೋಣೆಯಿಂದಲೇ. ನೀರು ಸಾಕಷ್ಟು ಹೋಗದಿದ್ದರೆ ಕೋಣೆ ಚಿಕ್ಕದಾಗಿ, ಮರಿ ಊದಿಕೊಂಡು, ತಿರುಗಲು ಜಾಗವಿಲ್ಲದೆ ಸಾಯುತ್ತದೆ. ಅತಿಯಾಗಿ ಹೋದರೆ ಒಳಪೊರೆ ಒಣಗಿ ಮರಿಯ ಮೈಗೆ ಅಂಟಿಕೊಳ್ಳುತ್ತದೆ.

ಹೆಬ್ಬಾತಿಗೆ ಮೊದಲ 27 ದಿನಗಳಲ್ಲಿ ಶೇ. 50ರಿಂದ 55ರಷ್ಟು ಹಾಗೂ ಮರಿಯೊಡೆಯುವ ಕೊನೆಯ ದಿನಗಳಲ್ಲಿ ಶೇ. 75ರಷ್ಟು ಸಾಪೇಕ್ಷ ಆರ್ದ್ರತೆ ಇರಬೇಕೆಂಬುದು ಸಾಮಾನ್ಯ ನಿಯಮ. ತೇವಾಂಶ ಮಾಪಕವನ್ನು ಪರೀಕ್ಷಿಸಲು ಒಂದು ಸುಲಭ ವಿಧಾನವಿದೆ. ಗಾಳಿಯಾಡದ ಡಬ್ಬದಲ್ಲಿ ಒಂದು ಬಟ್ಟಲು ಅಡಿಗೆ ಉಪ್ಪನ್ನು ಕೆಸರಿನಂತಾಗುವಷ್ಟು ನೀರು ಬೆರೆಸಿಟ್ಟು, ಪಕ್ಕದಲ್ಲಿ ಮಾಪಕವನ್ನಿಟ್ಟು, ಎಂಟು ಗಂಟೆ ಮುಚ್ಚಿಡಬೇಕು. ಡಬ್ಬದೊಳಗಿನ ಆರ್ದ್ರತೆ ಶೇ. 75ಕ್ಕೆ ನಿಲ್ಲುತ್ತದೆ. ಮಾಪಕ ಬೇರೆ ಅಂಕಿ ತೋರಿದರೆ ಆ ವ್ಯತ್ಯಾಸವೇ ಅದರ ದೋಷ.

ನೀರಿನ ತಟ್ಟೆಯ ವಿಷಯದಲ್ಲಿ ಎಲ್ಲ ಊರಿಗೂ ಒಂದೇ ಸೂಚನೆ ನೀಡಲಾಗದು. ಕರಾವಳಿಯ ಮಳೆಗಾಲದಲ್ಲಿ ಹೊರಗಿನ ಗಾಳಿ 28 ಡಿಗ್ರಿ, ಆರ್ದ್ರತೆ ಶೇ. 90 ಇದ್ದರೆ, ಅದೇ ಗಾಳಿ ಪೆಟ್ಟಿಗೆಯೊಳಗೆ 37.5 ಡಿಗ್ರಿಗೆ ಕಾಯ್ದಾಗ ಆರ್ದ್ರತೆ ಸುಮಾರು ಶೇ. 53ಕ್ಕೆ ಇಳಿಯುತ್ತದೆ; ಅಂದರೆ ತಟ್ಟೆಗೆ ನೀರು ಹಾಕದೆಯೇ ಬೇಕಾದ ಮಟ್ಟ ಸಿಗುತ್ತದೆ. ಬಯಲುಸೀಮೆಯ ಒಣಹವೆಯಲ್ಲಿ 30 ಡಿಗ್ರಿ, ಶೇ. 30 ಇದ್ದರೆ ಒಳಗೆ ಅದು ಸುಮಾರು ಶೇ. 20 ಮಾತ್ರ, ಅಲ್ಲಿ ತಟ್ಟೆ ಯಾವಾಗಲೂ ತುಂಬಿರಬೇಕು. ಪೆಟ್ಟಿಗೆಯೊಡನೆ ಬಂದ ಕರಪತ್ರ ಈ ವ್ಯತ್ಯಾಸವನ್ನು ಹೇಳದಿರಬಹುದು.

ಈ ಗೊಂದಲಕ್ಕೆ ನಿಶ್ಚಿತ ಪರಿಹಾರವೆಂದರೆ ಮೊಟ್ಟೆಯನ್ನೇ ತೂಗುವುದು. ಕಾವಿನ ಆರಂಭದಿಂದ ಸುಮಾರು 27ನೆಯ ದಿನದ ಹೊತ್ತಿಗೆ ಮೊಟ್ಟೆ ತನ್ನ ಮೊದಲ ತೂಕದ ಶೇ. 12ರಿಂದ 14ರಷ್ಟನ್ನು ಕಳೆದುಕೊಳ್ಳಬೇಕು. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಉದಾಹರಣೆಗೆ 160 ಗ್ರಾಂನ ಹತ್ತು ಮೊಟ್ಟೆಗಳನ್ನು ಒಟ್ಟಿಗೆ ತೂಗಿ, ಶೇ. 13ರ ಗುರಿ ಇಟ್ಟುಕೊಂಡರೆ ತೂಕ ಹೀಗಿರಬೇಕು:

ಕಾವಿಗಿಟ್ಟ ದಿನ: 1,600 ಗ್ರಾಂ
7ನೆಯ ದಿನ: 1,546 ಗ್ರಾಂ
14ನೆಯ ದಿನ: 1,492 ಗ್ರಾಂ
21ನೆಯ ದಿನ: 1,438 ಗ್ರಾಂ
27ನೆಯ ದಿನ: 1,392 ಗ್ರಾಂ

ತೂಕ ಇದಕ್ಕಿಂತ ಹೆಚ್ಚಾಗಿಯೇ ಉಳಿದರೆ ತೇವಾಂಶ ಅಧಿಕವಾಗಿದೆಯೆಂದು ತಿಳಿದು ನೀರನ್ನು ಕಡಿಮೆ ಮಾಡಬೇಕು. ಬೇಗನೆ ಇಳಿದರೆ ನೀರಿನ ತಟ್ಟೆಯ ಅಗಲವನ್ನು ಹೆಚ್ಚಿಸಬೇಕು. ತಟ್ಟೆಯ ಆಳ ಹೆಚ್ಚಿಸಿದರೆ ಪ್ರಯೋಜನವಿಲ್ಲ, ಏಕೆಂದರೆ ನೀರು ಆವಿಯಾಗುವುದು ಮೇಲ್ಮೈಯಿಂದ. ಪ್ರತಿ ಮೊಟ್ಟೆಯ ಮೊದಲ ತೂಕವನ್ನು ಪೆನ್ಸಿಲಿನಿಂದ ಚಿಪ್ಪಿನ ಮೇಲೆಯೇ ಬರೆದಿದ್ದರೆ, ನಡುವೆ ಕೆಲವನ್ನು ತೆಗೆದುಹಾಕಿದಾಗಲೂ ಲೆಕ್ಕ ತಪ್ಪುವುದಿಲ್ಲ. ನೀರು ಚಿಮುಕಿಸುವ ಮೊದಲೇ ತೂಗಬೇಕು.

5. ಮಗ್ಗುಲು ಬದಲಿಸುವುದು ಮತ್ತು ತಣಿಸುವುದು

ಹೆಬ್ಬಾತಿನ ಮೊಟ್ಟೆಯನ್ನು ಅಡ್ಡಲಾಗಿ ಮಲಗಿಸಿಡಬೇಕು. ಒಂದು ಬದಿಗೆ ಗುಣಾಕಾರ ಚಿಹ್ನೆ, ಎದುರು ಬದಿಗೆ ಸೊನ್ನೆ ಬರೆದು, ದಿನಕ್ಕೆ ಮೂರು ಅಥವಾ ಐದು ಬಾರಿ ಅರ್ಧ ಸುತ್ತು ತಿರುಗಿಸಬೇಕು. ಬೆಸಸಂಖ್ಯೆಯಲ್ಲಿ ತಿರುಗಿಸಿದರೆ ದೀರ್ಘವಾದ ರಾತ್ರಿಯ ಹೊತ್ತು ಪ್ರತಿದಿನ ಒಂದೇ ಮಗ್ಗುಲು ಮೇಲಿರುವುದು ತಪ್ಪುತ್ತದೆ. ತಿರುಗಿಸದಿದ್ದರೆ ಭ್ರೂಣವು ಒಳಪೊರೆಗೆ ಅಂಟಿಕೊಳ್ಳುತ್ತದೆ. ತಾನಾಗಿಯೇ ತಟ್ಟೆಯನ್ನು ಓಲಾಡಿಸುವ ಯಂತ್ರಗಳ ಓಲಾಟ ಕೋಳಿ ಮೊಟ್ಟೆಗೆ ಸಾಕಾದರೂ ಹೆಬ್ಬಾತಿನ ಮೊಟ್ಟೆಗೆ ಸಾಲದಿರಬಹುದು. ದಿನಕ್ಕೊಮ್ಮೆಯಾದರೂ ಕೈಯಿಂದ ತಿರುಗಿಸುವುದು ಒಳ್ಳೆಯದು.

ಗೂಡಿನಲ್ಲಿ ಕಾವು ಕೂತ ಹೆಣ್ಣು ದಿನಕ್ಕೊಮ್ಮೆ ಎದ್ದು, ಮೇದು, ನೀರಿನಲ್ಲಿ ಮಿಂದು, ಒದ್ದೆ ಗರಿಗಳೊಡನೆ ಮರಳಿ ಕೂರುತ್ತದೆ. ಪೆಟ್ಟಿಗೆಯಲ್ಲಿ ನಾವು ಅದನ್ನೇ ಅನುಕರಿಸಬೇಕು. ಸುಮಾರು 8ನೆಯ ದಿನದಿಂದ ದಿನಕ್ಕೊಮ್ಮೆ ಮುಚ್ಚಳ ತೆರೆದು 5 ನಿಮಿಷ, ಎರಡನೆಯ ವಾರದ ನಂತರ ಕ್ರಮೇಣ 15 ನಿಮಿಷದವರೆಗೆ ಮೊಟ್ಟೆಗಳನ್ನು ತಣಿಸಬೇಕು. ಬಳಿಕ ಉಗುರುಬೆಚ್ಚನೆಯ ಶುದ್ಧ ನೀರನ್ನು ತುಂತುರಾಗಿ ಚಿಮುಕಿಸಿ ಮುಚ್ಚಬೇಕು. ತಣಿದ ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸಿದರೆ ಬಿಸಿಯೂ ಅಲ್ಲದ, ತಂಪೂ ಅಲ್ಲದ ಸ್ಪರ್ಶ ಸಿಗಬೇಕು. ಈಜಿಪ್ಟಿನಲ್ಲಿ ಮಣ್ಣಿನ ಒಲೆಮನೆಗಳಲ್ಲಿ ಮೊಟ್ಟೆಗೆ ಕಾವು ಕೊಡುವ ಪರಂಪರೆಯವರು ಯಾವ ಮಾಪಕವೂ ಇಲ್ಲದೆ ಕಣ್ಣರೆಪ್ಪೆಯಿಂದಲೇ ಉಷ್ಣತೆಯನ್ನು ಅಳೆಯುತ್ತಿದ್ದರು.

6. ವಿದ್ಯುತ್ ವ್ಯವಸ್ಥೆ

100 ವಾಟ್‌ನ ಪೆಟ್ಟಿಗೆ ಒಮ್ಮೆ ಕಾಯ್ದ ಮೇಲೆ ಅರ್ಧದಷ್ಟು ಹೊತ್ತು ಮಾತ್ರ ಉರಿಯುತ್ತದೆಂದು ಲೆಕ್ಕ ಹಾಕಿದರೆ ಸರಾಸರಿ ಬಳಕೆ 50 ವಾಟ್. 30 ದಿನಗಳಿಗೆ ಇದು 36 ಯೂನಿಟ್ ಆಗುತ್ತದೆ. ಆದ್ದರಿಂದ ವಿದ್ಯುತ್ತಿನ ವೆಚ್ಚಕ್ಕಿಂತ ವಿದ್ಯುತ್ತಿನ ನಿಲುಗಡೆಯೇ ಹೆಚ್ಚು ಚಿಂತಿಸಬೇಕಾದ ವಿಷಯ. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯ ಶಕ್ತಿ 1,800 ವಾಟ್-ಗಂಟೆ. ಬ್ಯಾಟರಿಯ ಬಾಳಿಕೆಗಾಗಿ ಅರ್ಧವನ್ನಷ್ಟೇ ಬಳಸಿ, ಇನ್ವರ್ಟರಿನ ನಷ್ಟವನ್ನೂ ಕಳೆದರೆ ಈ ಪೆಟ್ಟಿಗೆಯೊಂದನ್ನೇ ಸುಮಾರು 15 ಗಂಟೆ ನಡೆಸಬಹುದು. ಅದೇ ಇನ್ವರ್ಟರಿಗೆ ಮನೆಯ ದೀಪ, ಫ್ಯಾನುಗಳೂ ಸೇರಿದರೆ ಈ ಅವಧಿ ತೀರಾ ಕಡಿಮೆಯಾಗುತ್ತದೆ.

ಇನ್ವರ್ಟರ್ ಇಲ್ಲದ ಮನೆಯಲ್ಲಿ ವಿದ್ಯುತ್ ಹೋದಾಗ ಪೆಟ್ಟಿಗೆಯನ್ನು ತೆರೆಯದೆ, ಗಾಳಿಯ ರಂಧ್ರಗಳನ್ನು ಬಿಟ್ಟು ಉಳಿದ ಭಾಗಕ್ಕೆ ಕಂಬಳಿ ಹೊದಿಸಬೇಕು. ಒಂದೆರಡು ಗಂಟೆಗಳ ನಿಲುಗಡೆಯಿಂದ ಸಾಮಾನ್ಯವಾಗಿ ಹಾನಿಯಿಲ್ಲ. ಮರಿಯೊಡೆಯುವುದು ಸ್ವಲ್ಪ ತಡವಾಗಬಹುದು. ವಿದ್ಯುತ್ ಬಂದ ಮೇಲೆ ಕಳೆದ ಶಾಖವನ್ನು ತುಂಬುವ ಆತುರದಲ್ಲಿ ಉಷ್ಣತೆಯನ್ನು 37.5ಕ್ಕಿಂತ ಮೇಲಕ್ಕೇರಿಸಬಾರದು. ಪದೇ ಪದೇ ಹಲವು ಗಂಟೆ ವಿದ್ಯುತ್ ನಿಲ್ಲುವ ಊರಿನಲ್ಲಿ ಪರ್ಯಾಯ ವ್ಯವಸ್ಥೆಯಿಲ್ಲದೆ ಪೆಟ್ಟಿಗೆ ಕೊಳ್ಳಲು ಸಲಹೆ ನೀಡಬಾರದು.

ನೀರಿನ ತಟ್ಟೆಯೂ ವಿದ್ಯುತ್ ತಂತಿಯೂ ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಮೂರು ಪಿನ್ನಿನ ಪ್ಲಗ್ ಹಾಗೂ ಸರಿಯಾದ ಅರ್ಥಿಂಗ್ ಕಡ್ಡಾಯ. ನೀರು ತುಂಬಿಸುವಾಗ, ಚಿಮುಕಿಸುವಾಗ ಸ್ವಿಚ್ ಆರಿಸಿ ಪ್ಲಗ್ ತೆಗೆದಿಡಬೇಕು. ಮಕ್ಕಳ ಕೈಗೆಟುಕುವ ಕಡೆ ಪೆಟ್ಟಿಗೆ ಇರಬಾರದು.

7. ಬೆಳಕಿನ ಪರೀಕ್ಷೆಯಿಂದ ಮರಿಯೊಡೆಯುವವರೆಗೆ

8ರಿಂದ 10ನೆಯ ದಿನದೊಳಗೆ ಕತ್ತಲ ಕೋಣೆಯಲ್ಲಿ ಮೊಬೈಲ್ ಟಾರ್ಚನ್ನು ಮೊಟ್ಟೆಯ ಅಗಲ ತುದಿಗೆ ಒತ್ತಿ ಹಿಡಿದು ನೋಡಬೇಕು. ಜೇಡರ ಬಲೆಯಂತೆ ರಕ್ತನಾಳಗಳು ಹರಡಿದ್ದರೆ ಮೊಟ್ಟೆ ಜೀವಂತ. ಒಳಗೆ ತಿಳಿಯಾಗಿದ್ದರೆ ಫಲಿತವಾಗಿಲ್ಲ. ಕೆಂಪು ಉಂಗುರ ಕಂಡರೆ ಬೆಳವಣಿಗೆ ಆರಂಭವಾಗಿ ನಿಂತಿದೆ. ಕೊನೆಯ ಎರಡು ಬಗೆಯವನ್ನು ತೆಗೆಯಬೇಕು. ಬಿಟ್ಟರೆ ಕೊಳೆತು ಒಡೆದು ಉಳಿದವನ್ನೂ ಕೆಡಿಸುತ್ತವೆ.

27ನೆಯ ದಿನ ಕೊನೆಯ ತೂಕ ನೋಡಿ, ತಿರುಗಿಸುವುದನ್ನೂ ತಣಿಸುವುದನ್ನೂ ನಿಲ್ಲಿಸಿ, ತೇವಾಂಶವನ್ನು ಶೇ. 75ಕ್ಕೆ ಏರಿಸಿ ಮುಚ್ಚಬೇಕು. ಗಾಳಿಯ ರಂಧ್ರಗಳು ಪೂರ್ತಿ ತೆರೆದಿರಲಿ. ಚಿಪ್ಪಿಗೆ ಮೊದಲ ತೂತು ಬಿದ್ದ ಮೇಲೆ ಕೋಳಿಮರಿಯಂತೆ ಹೆಬ್ಬಾತಿನ ಮರಿ ಬೇಗ ಹೊರಬರುವುದಿಲ್ಲ. ಒಂದರಿಂದ ಎರಡು ದಿನ ಹಿಡಿಯುವುದು ಸಹಜ. ಆ ಅವಧಿಯಲ್ಲಿ ಮರಿಯು ಪೊರೆಯ ನಾಳಗಳಲ್ಲಿರುವ ರಕ್ತವನ್ನೂ ಉಳಿದ ಹಳದಿಯನ್ನೂ ಒಳಗೆಳೆದುಕೊಳ್ಳುತ್ತಿರುತ್ತದೆ. ಕನಿಕರದಿಂದ ಚಿಪ್ಪು ಬಿಡಿಸಿದರೆ ರಕ್ತಸ್ರಾವವಾಗಿ ಮರಿ ಸಾಯುವುದೇ ಹೆಚ್ಚು. ಮುಚ್ಚಳವನ್ನು ಪದೇ ಪದೇ ತೆರೆದು ನೋಡಿದರೆ ತೇವಾಂಶ ಹೊರಹೋಗಿ ಪೊರೆ ಒಣಗುತ್ತದೆ. ಈ ಎರಡು ದಿನಗಳಲ್ಲಿ ಸುಮ್ಮನೆ ಕಾಯುವುದೇ ಸಾಕುವವರು ಮಾಡಬೇಕಾದ ಕೆಲಸ.

8. ಫಲಿತಾಂಶವನ್ನು ಓದುವ ಬಗೆ

ಮರಿಯಾಗದೆ ಉಳಿದ ಮೊಟ್ಟೆಗಳನ್ನು ಎಸೆಯುವ ಮುನ್ನ ಅವು ಯಾವ ಹಂತದಲ್ಲಿ ನಿಂತವೆಂದು ಬರೆದಿಡಬೇಕು. ಹತ್ತು ಮೊಟ್ಟೆಗಳಲ್ಲಿ ಮೂರು ತಿಳಿ, ಎರಡು ಸತ್ತವು, ಐದು ಮರಿಯಾದವು ಎಂದುಕೊಳ್ಳೋಣ. ಇಟ್ಟ ಮೊಟ್ಟೆಗಳ ಲೆಕ್ಕದಲ್ಲಿ ಫಲಿತಾಂಶ ಶೇ. 50, ಫಲಿತ ಮೊಟ್ಟೆಗಳ ಲೆಕ್ಕದಲ್ಲಿ ಶೇ. 71. ಮೊದಲ ಅಂಕಿಯನ್ನಷ್ಟೇ ನೋಡಿ ಯಂತ್ರವನ್ನು ದೂರಿದರೆ ಮುಂದಿನ ಸಲವೂ ಅದೇ ನಷ್ಟವಾಗುತ್ತದೆ.

ತಿಳಿಯಾದ ಮೊಟ್ಟೆಗಳು ಹೆಚ್ಚಿದ್ದರೆ ದೋಷ ಪೆಟ್ಟಿಗೆಯದಲ್ಲ. ಗಂಡು-ಹೆಣ್ಣಿನ ಪ್ರಮಾಣ, ವಯಸ್ಸು ಅಥವಾ ಆಹಾರದ್ದು.
ಮೊದಲ ವಾರದಲ್ಲೇ ಸತ್ತವು ಹೆಚ್ಚಿದ್ದರೆ ಮೊಟ್ಟೆ ಹಳೆಯದಾಗಿತ್ತು, ಸಾಗಿಸುವಾಗ ಕುಲುಕಿತ್ತು ಅಥವಾ ಉಷ್ಣತೆ ತಪ್ಪಿತ್ತು.
ಎಲ್ಲವೂ ಒಂದೆರಡು ದಿನ ಮೊದಲೇ ಒಡೆದರೆ ಉಷ್ಣತೆ ಹೆಚ್ಚು; ತಡವಾದರೆ ಕಡಿಮೆ.
ಪೂರ್ಣ ಬೆಳೆದ ಮರಿ ಊದಿಕೊಂಡು ಒದ್ದೆಯಾಗಿ ಸತ್ತಿದ್ದರೆ ತೇವಾಂಶ ಹೆಚ್ಚು; ಒಣ ಪೊರೆಗೆ ಅಂಟಿ ಸತ್ತಿದ್ದರೆ ಕಡಿಮೆ.

9. ಮರಿಗಳ ಮೊದಲ ವಾರಗಳು

ಗರಿ ಒಣಗಿ ಉಬ್ಬುವವರೆಗೆ ಮರಿಯನ್ನು ಪೆಟ್ಟಿಗೆಯಲ್ಲೇ ಬಿಡಬಹುದು. ಒಳಗೆ ಸೇರಿದ ಹಳದಿಯಿಂದ ಒಂದು ದಿನ ಹಸಿವಾಗುವುದಿಲ್ಲ. ನಂತರ ಮೊದಲ ವಾರ ಸುಮಾರು 32 ಡಿಗ್ರಿಯ ಬೆಚ್ಚಗಿನ ಜಾಗ ಬೇಕು. ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ನೆಲಕ್ಕೆ ಜಾರುವ ಕಾಗದದ ಬದಲು ಗೋಣಿಚೀಲ ಹಾಸಬೇಕು. ಜಾರಿದರೆ ಕಾಲುಗಳು ಅಗಲಿ ಊನವಾಗುತ್ತವೆ. ಕುಡಿಯುವ ನೀರು ಮೂಗಿನ ಹೊಳ್ಳೆಗಳನ್ನು ಅದ್ದಿ ತೊಳೆಯುವಷ್ಟು ಆಳವಿರಲಿ. ಆದರೆ ಮರಿಗಳನ್ನು ಕೆರೆಗೆ ಬಿಡಬಾರದು. ತಾಯಿಯ ಗರಿಯ ಎಣ್ಣೆ ತಾಗದ ಮರಿಗಳು ಬೇಗ ತೊಯ್ದು ಚಳಿಯಿಂದ ಸಾಯುತ್ತವೆ.

ಕೋಳಿಮರಿಯ ಆಹಾರದಲ್ಲಿರುವ ನಿಯಾಸಿನ್ ಎಂಬ ಜೀವಸತ್ವ ಇವುಗಳಿಗೆ ಸಾಲದೆ ಕಾಲು ಸೊಟ್ಟಗಾಗಬಹುದು. ಔಷಧ ಬೆರೆಸಿದ ಕೋಳಿಮರಿ ಆಹಾರವೂ ಇವುಗಳಿಗೆ ಒಗ್ಗದಿರಬಹುದು. ಈ ಎರಡೂ ವಿಷಯಗಳಲ್ಲಿ ಪಶುವೈದ್ಯರನ್ನು ಕೇಳಿಯೇ ಆಹಾರವನ್ನು ನಿರ್ಧರಿಸಬೇಕು. ಮೊದಲ ವಾರದಿಂದಲೇ ಕೀಟನಾಶಕ ಸೋಕದ ಎಳೆಯ ಗರಿಕೆಯನ್ನು ಸಣ್ಣಗೆ ಕತ್ತರಿಸಿ ಕೊಡಬಹುದು.

10. ಗ್ರಾಮ ಪಂಚಾಯಿತಿಯ ಪಾತ್ರ

ಮೊದಲನೆಯದಾಗಿ, ರೋಗದ ಎಚ್ಚರ. ಹಕ್ಕಿಜ್ವರದ ವೈರಾಣುವನ್ನು ಬಾತು, ಹೆಬ್ಬಾತುಗಳು ರೋಗಲಕ್ಷಣ ತೋರದೆಯೇ ಹೊತ್ತಿರಬಲ್ಲವು. ಅದೇ ವೈರಾಣು ಕೋಳಿಗಳನ್ನು ಸಾಮೂಹಿಕವಾಗಿ ಕೊಲ್ಲುತ್ತದೆ. ಆದ್ದರಿಂದ ಇವೆರಡನ್ನೂ ಬೇರೆ ಬೇರೆ ಸಾಕುವಂತೆ, ಮೊಟ್ಟೆ-ಮರಿ ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವಂತೆ ತಿಳಿಹೇಳಬೇಕು. ಪ್ರಾಣಿಗಳಲ್ಲಿನ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಅಧಿನಿಯಮ, 2009ರಂತೆ, ತನ್ನ ಪಕ್ಷಿಗಳಿಗೆ ಅಧಿಸೂಚಿತ ರೋಗ ತಗುಲಿದೆಯೆಂಬ ಶಂಕೆ ಬಂದ ಮಾಲೀಕನು ಗ್ರಾಮದ ಅಧಿಕಾರಿಗೆ ಅಥವಾ ಗ್ರಾಮ ಪಂಚಾಯಿತಿಯ ಹೊಣೆ ಹೊತ್ತವರಿಗೆ ತಿಳಿಸಬೇಕು. ಅಲ್ಲಿಂದ ವಿಷಯ ಹತ್ತಿರದ ಪಶುವೈದ್ಯರಿಗೆ ತಲುಪುತ್ತದೆ. ಒಮ್ಮೆಲೆ ಹಲವು ಪಕ್ಷಿಗಳು ಸತ್ತರೆ ಆ ಸುದ್ದಿ ಪಂಚಾಯಿತಿಯಲ್ಲಿ ಒಂದು ದಿನವೂ ನಿಲ್ಲಬಾರದು.

ಎರಡನೆಯದಾಗಿ, ಕಾಡುಪಕ್ಷಿಗಳ ರಕ್ಷಣೆ. ಕೆರೆಯಂಚಿನ ಕಾಡುಬಾತುಗಳ ಮೊಟ್ಟೆಯನ್ನು ಮಕ್ಕಳು ಕುತೂಹಲದಿಂದ ತಂದು ಪೆಟ್ಟಿಗೆಯಲ್ಲಿಡಲು ಬಯಸಬಹುದು. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972 ಕಾಡುಪಕ್ಷಿಗಳ ಮೊಟ್ಟೆಗೆ ಹಾನಿ ಮಾಡುವುದನ್ನೂ ಗೂಡನ್ನು ಕದಡುವುದನ್ನೂ ಬೇಟೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಮಧ್ಯ ಏಷ್ಯಾದ ಎತ್ತರದ ಪ್ರದೇಶಗಳಲ್ಲಿ ಮರಿ ಮಾಡುವ ಕಾಡುಪಕ್ಷಿಗಳು. 2024ರಲ್ಲಿ ಆ ಕೆರೆಗೆ ರಾಮ್ಸಾರ್ ತಾಣದ ಮಾನ್ಯತೆ ದೊರೆತಿದೆ. ಇಂತಹ ಕೆರೆಗಳಲ್ಲಿ ಸಾಕಿದ ಹೆಬ್ಬಾತುಗಳನ್ನು ಮೇಯಲು ಬಿಡದಿದ್ದರೆ ಎರಡೂ ಕಡೆಯ ಪಕ್ಷಿಗಳಿಗೆ ಕ್ಷೇಮ. ಕುಡಿಯುವ ನೀರಿನ ಮೂಲಗಳಿಂದಲೂ ಇವುಗಳನ್ನು ದೂರವಿಡಬೇಕು.

ಮೂರನೆಯದಾಗಿ, ಹಣದ ವಿಷಯ. ರಾಷ್ಟ್ರೀಯ ಜಾನುವಾರು ಮಿಷನ್‌ನಡಿ ಗ್ರಾಮೀಣ ಕುಕ್ಕುಟ ಘಟಕಗಳಿಗೆ ಶೇ. 50ರ ಬಂಡವಾಳ ಸಹಾಯಧನವಿದೆ. ಆದರೆ ಅದು ಕನಿಷ್ಠ 1,000 ತಾಯಿಕೋಳಿಗಳ ಉದ್ಯಮ ಘಟಕಕ್ಕೆ ರೂಪಿಸಿದುದು. ಮನೆಯ ಒಂದು ಸಣ್ಣ ಪೆಟ್ಟಿಗೆಗೆ ಸಹಾಯಧನ ಬರುತ್ತದೆಂಬ ಭರವಸೆಯನ್ನು ಸದಸ್ಯರು ನೀಡಬಾರದು. ತರಬೇತಿ ಬಯಸುವವರು ತಾಲ್ಲೂಕಿನ ಪಶುವೈದ್ಯಕೀಯ ಇಲಾಖೆಯ ಮೂಲಕ ಹೆಸರಘಟ್ಟದ ಕೇಂದ್ರೀಯ ಕುಕ್ಕುಟ ಅಭಿವೃದ್ಧಿ ಸಂಸ್ಥೆಯ ತರಬೇತಿಗಳ ಬಗ್ಗೆ ವಿಚಾರಿಸಬಹುದು.

ಸಂಘದ ಹಣ ತೊಡಗಿಸುವ ಮುನ್ನ ಒಂದು ಸಣ್ಣ ಪರೀಕ್ಷೆ ನಡೆಸುವುದು ವಿವೇಕ. ಹೆಬ್ಬಾತು ಇರುವ ಮನೆಯಲ್ಲಿ ಕಾವಿಗೆ ಕೂತ ಊರಕೋಳಿಯ ಕೆಳಗೆ ಅದರ ಮೊಟ್ಟೆಗಳ ಬದಲು ನಾಲ್ಕೈದು ಹೆಬ್ಬಾತಿನ ಮೊಟ್ಟೆಗಳನ್ನಿಟ್ಟು ನೋಡಬಹುದು. ದೊಡ್ಡ ಮೊಟ್ಟೆಯನ್ನು ಕೋಳಿ ಹೊರಳಿಸಲಾರದಾದ್ದರಿಂದ ದಿನಕ್ಕೆ ಮೂರು ಬಾರಿ ನಾವೇ ತಿರುಗಿಸಬೇಕು. ಕೋಳಿಗೆ ಒಗ್ಗಿದ 21 ದಿನಗಳ ಬದಲು 30 ದಿನ ಕೂರಬೇಕಾದ್ದರಿಂದ ಅದರ ಮೇವು-ನೀರನ್ನು ನೋಡಿಕೊಳ್ಳಬೇಕು. ಬಹುತೇಕ ಮೊಟ್ಟೆಗಳು ಫಲಿತವಾಗಿವೆಯೇ ಎಂಬುದು ಪೆಟ್ಟಿಗೆಯ ಖರ್ಚಿಲ್ಲದೆಯೇ ಇದರಿಂದ ಹತ್ತು ದಿನಗಳಲ್ಲಿ ತಿಳಿಯುತ್ತದೆ. ನಂತರ ಒಂದು ಪೆಟ್ಟಿಗೆ, ಹತ್ತು ಮೊಟ್ಟೆ, ಒಂದು ತಕ್ಕಡಿ ಹಾಗೂ ಒಂದು ನೋಟು ಪುಸ್ತಕದೊಡನೆ ಒಂದು ಪೂರ್ಣ ಕಾವು ಮುಗಿಸಲಿ. ಆ ಪುಸ್ತಕದಲ್ಲಿ ದಿನದ ಉಷ್ಣತೆ, ವಾರದ ತೂಕ, ವಿದ್ಯುತ್ ಹೋದ ಗಂಟೆಗಳು ಹಾಗೂ ಪ್ರತಿ ಮೊಟ್ಟೆಯ ಗತಿ ದಾಖಲಾಗಿರಬೇಕು.

ಮಾನ್ಯ ಸದಸ್ಯರ ಮುಂದೆ ಯಂತ್ರ ಖರೀದಿಯ ಪ್ರಸ್ತಾವ ಬಂದಾಗ ಮೊದಲು ಆ ನೋಟು ಪುಸ್ತಕವನ್ನು ತರಿಸಿ ನೋಡಬೇಕೆಂದು ಕೋರಲಾಗಿದೆ. ಪುಸ್ತಕ ಇದ್ದರೆ, ಮರಿಗಳು ಕಡಿಮೆ ಬಂದಿದ್ದರೂ ಮುಂದಿನ ಸಲ ತಿದ್ದಿಕೊಳ್ಳುವ ದಾರಿ ಆ ಕುಟುಂಬಕ್ಕೆ ತಿಳಿದಿರುತ್ತದೆ. ಪುಸ್ತಕವೇ ಇಲ್ಲದಿದ್ದರೆ ಸಾಲಕ್ಕೆ ಇನ್ನೂ ಸಮಯ ಬಂದಿಲ್ಲವೆಂದು ಆ ಸೋದರಿಯರಿಗೆ ತಿಳಿಯಹೇಳಿ, ಹತ್ತು ಮೊಟ್ಟೆಗಳ ಪರೀಕ್ಷೆಗೆ ಪ್ರೋತ್ಸಾಹಿಸುವುದು ಉಚಿತ.

— ಪಂಚಾಯಿತಿ ಅಭಿವೃದ್ಧಿ ಅಧಿಕಾರಿ